ದಿಬ್ಬಣದ ಮೊದಲ ಕಾರು

ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವರಿಬ್ಬರೂ ದೊಣ್ಣೆ ಮೆಣಸಿನಕಾಯಿಯ ಬಗ್ಗೆ ಮಾತಾಡತೊಡಗಿದರು. ಅದಕ್ಕೂ ಒಂದು ಕ್ಷಣ ಮೊದಲು ಗೋಡೆಯಾಚೆಯಿಂದ ನನ್ನ ಕಿವಿಗೆ ಬಿದ್ದದ್ದು ಕೋಮನ್ ಎಂಬ ಹೆಸರು. ಕೋಮನ್‌ನಲ್ಲಿ ಅಣೆಕಟ್ಟಿದೆ, ಕಾರು ಹೊತ್ತು ಸಾಗುವ ಲಾಂಚ್ ಇದೆ. ಅಲ್ಲಿ ಮೆಣಸಿನಕಾಯಿ ಬೆಳೆಯುವುದನ್ನು ನಾನಂತೂ ಕಂಡಿಲ್ಲ.

ದ್ರಾಕ್ಷಿ ಚಪ್ಪರದ ಕೆಳಗಿನ ಮೇಜಿನ ಮೇಲೆ ಭೂಪಟ ಹರಡಿತ್ತು. ನನ್ನ ಹೆಂಡತಿ ದೀಲಾ ಅದರ ಮೇಲೆ ಎರಡೂ ಮೊಣಕೈ ಊರಿ, ಪರೀಕ್ಷೆಯಲ್ಲಿ ಪಕ್ಕದವಳಿಗೆ ಉತ್ತರ ಕಾಣದ ಹಾಗೆ ಮುಚ್ಚಿಕೊಳ್ಳುವ ಹುಡುಗಿಯಂತೆ ಕೂತಿದ್ದಳು. ಎದುರಿಗೆ ಫ್ರಾನ್, ನನ್ನ ತಮ್ಮನ ಮಗ. ಅವನು ಮೊಬೈಲನ್ನು ಮೆಲ್ಲಗೆ ಬೋರಲು ಹಾಕಿದ.

"ಈ ವರ್ಷ ಮೆಣಸಿನಕಾಯಿ ಕೆಂಪೇ ಆಗ್ಲಿಲ್ಲ ನೋಡು," ಅಂದಳು ದೀಲಾ.

"ಭೂಪಟದಲ್ಲಿ ಹುಡುಕಿದ್ರೆ ಹೇಗೆ ಕೆಂಪಾಗುತ್ತೆ?" ಅಂದೆ.

ಫ್ರಾನ್ ನಕ್ಕ. ಕಾಫಿ ತರುತ್ತೇನೆಂದು ದೀಲಾ ಎದ್ದಳು. ಎದ್ದವಳು ಭೂಪಟವನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಕಾಫಿ ಮಾಡುವುದಕ್ಕೆ ಭೂಪಟ ಯಾಕೆ ಬೇಕು? ಮಸಲತ್ತು ನಡೆದಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ವಿಷಯ ಇಷ್ಟು. ಸೆಪ್ಟೆಂಬರ್ ಕೊನೆಯ ಶನಿವಾರ ಫ್ರಾನ್‌ನ ಮದುವೆ. ಹುಡುಗಿ ವಿತೋರೆ, ಬೆಟ್ಟದಾಚೆ ಫಿಯೆರ್ಜದ ಮೇಲಿರುವ ಗುರ್ಬಾರ್ಧ ಎಂಬ ಹಳ್ಳಿಯವಳು. ಬೆಳಿಗ್ಗೆ ನಮ್ಮೂರು ಶ್ಕೋದ್ರದಿಂದ ಏಳು ಕಾರಿನ ದಿಬ್ಬಣ ಹೊರಟು, ಹುಡುಗಿಯನ್ನು ಅವಳಪ್ಪನ ಮನೆಯಿಂದ ಕರೆದುಕೊಂಡು ಕತ್ತಲಾಗುವ ಮುಂಚೆ ತಿರುಗಿ ಬರಬೇಕು. ನನ್ನ ತಮ್ಮ ಲ್ಲೇಶ್ ತೀರಿಕೊಂಡಾಗ ಫ್ರಾನ್‌ಗೆ ಒಂಬತ್ತು ವರ್ಷ. ಅವನ ತಾಯಿ ಕೆಲಸ ಹುಡುಕಿಕೊಂಡು ಇಟಲಿಯ ಬಾರಿ ಪಟ್ಟಣಕ್ಕೆ ಹೋದಳು, ಹುಡುಗ ನಮ್ಮ ಮನೆಯಲ್ಲೇ ಉಂಡು ಬೆಳೆದ. ಹಾಗಾಗಿ ತಂದೆಯ ಜಾಗದಲ್ಲಿ ನಿಲ್ಲುವವನು ನಾನು, ದಿಬ್ಬಣದ ಹಿರಿಯ ನಾನು, ಮೊದಲ ಕಾರು ನನ್ನದು. ಮದುಮಗಳು ನಮ್ಮ ಮನೆಗೆ ಬರುವುದು ಆ ಕಾರಿನ ಹಿಂದಿನ ಸೀಟಿನಲ್ಲಿ. ಅದನ್ನು ಓಡಿಸುವವನು ಪಾಶ್ಕ್, ಅಂದರೆ ನಾನೇ. ಮೂವತ್ತೊಂದು ವರ್ಷ ಪೂಕದ ಬೆಟ್ಟದ ದಾರಿಯಲ್ಲಿ ಮರದ ದಿಮ್ಮಿ ಹೇರಿಕೊಂಡು ಲಾರಿ ಓಡಿಸಿದ ಪಾಶ್ಕ್ ಇರುವಾಗ ಇನ್ನೊಬ್ಬನ ಹೆಸರು ಯಾರ ಬಾಯಲ್ಲಾದರೂ ಬರುತ್ತದೆಯೆ? ಬರಬಾರದು.

ಅಲ್ಲಿಗೆ ಹೋಗಲು ಇರುವುದು ಮೂರೇ ದಾರಿ. ಒಂದು ಪೂಕದ ಹಳೆಯ ದಾರಿ, ತಿರುವಿನ ಮೇಲೆ ತಿರುವು. ಎರಡನೆಯದು ಕೋಮನ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಲಾಂಚಿನಲ್ಲಿ ಮೂರು ಗಂಟೆ ನೀರಿನ ಮೇಲೆ ಸಾಗಿ ಫಿಯೆರ್ಜದಲ್ಲಿ ಇಳಿಯುವುದು. ಮೂರನೆಯದು ಕೂಕೆಸ್ ಕಡೆಯಿಂದ ಸುತ್ತಿ ಬರುವ ಹೆದ್ದಾರಿ. ಹೋದ ದಾರಿಯಲ್ಲೇ ದಿಬ್ಬಣ ವಾಪಸ್ ಬರುವ ಹಾಗಿಲ್ಲ. ಬಂದರೆ ಮದುಮಗಳು ವರ್ಷ ತುಂಬುವುದರೊಳಗೆ ಅದೇ ದಾರಿ ಹಿಡಿದು ತವರಿಗೆ ನಡೆದುಬಿಡುತ್ತಾಳೆ. ಇದರಲ್ಲಿ ನಾನು ಯಾರ ಮಾತೂ ಕೇಳುವವನಲ್ಲ. ನನ್ನ ಮದುವೆಯಲ್ಲಿ ದೀಲಾಳನ್ನು ಲಾರಿಯಲ್ಲಿ ಕೂರಿಸಿ, ಎರಡು ಗಂಟೆಯಲ್ಲಿ ಮುಗಿಯುವ ದಾರಿ ಬಿಟ್ಟು ಏಳು ಗಂಟೆ ಸುತ್ತಿಸಿ ಕರೆತಂದೆ. ಅವಳು ಎಂಟು ಸಲ ವಾಂತಿ ಮಾಡಿದಳು. ನಲವತ್ತು ವರ್ಷವಾಯಿತು, ತವರಿಗೆ ಓಡಿಹೋಗಿಲ್ಲ. ವಾಂತಿಯ ವಿಷಯವನ್ನಂತೂ ಇವತ್ತಿಗೂ ಬಿಟ್ಟಿಲ್ಲ.

ಇನ್ನು ನನ್ನ ಗುಟ್ಟು. ಮುಚ್ಚಿಟ್ಟುಕೊಂಡು ಕತೆ ಹೇಳಿದರೆ ನಾನೂ ಅವರ ಹಾಗೇ ಆಗುತ್ತೇನೆ. ನನಗೆ ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ. ಪತ್ರಿಕೆ ಓದುತ್ತೇನೆ, ಸೂಜಿಗೆ ದಾರ ಪೋಣಿಸುತ್ತೇನೆ. ಆದರೆ ಎರಡೂ ಪಕ್ಕ ಹೋಗಿವೆ. ಕೊಳವೆಯೊಳಗಿಂದ ಇಣುಕಿದರೆ ಎಷ್ಟು ಕಾಣುತ್ತದೋ ಅಷ್ಟೇ. ಏಪ್ರಿಲ್‌ನಲ್ಲಿ ಯಾರಿಗೂ ಹೇಳದೆ ರಾಜಧಾನಿ ತಿರಾನಾಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ಇನ್ನು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಈ ಹನಿ ಹಾಕಿಕೊಳ್ಳಿ ಅಂದಳು ಆ ಡಾಕ್ಟರ್ ಹುಡುಗಿ. "ಕಾರು ಓಡಿಸ್ತೀರಾ?" ಎಂದು ಕೇಳಿದಳು. ಇಲ್ಲ ಅಂದೆ. ಆಸ್ಪತ್ರೆಯ ಹೊರಗೆ ನಿಲ್ಲಿಸಿದ್ದ ನನ್ನ ಮರ್ಸಿಡಿಸ್ ಹತ್ತಿ ಊರಿಗೆ ಬಂದೆ.

ನಾನೇನು ಹುಚ್ಚನಲ್ಲ, ಲೆಕ್ಕ ಹಾಕಿದ್ದೆ. ಪೂಕದ ದಾರಿಗೆ ನನಗೆ ಕಣ್ಣೇ ಬೇಡ. ಒಂದೊಂದು ತಿರುವೂ ಕೈಗೆ ಗೊತ್ತು, ಎಲ್ಲಿ ಗೇರ್ ಇಳಿಸಬೇಕೆಂದು ಕಾಲಿಗೆ ಗೊತ್ತು. ಹೋಗುವಾಗ ಪೂಕ. ಬರುವಾಗ ಲಾಂಚ್, ಮೂರು ಗಂಟೆ ಓಡಿಸುವ ಕೆಲಸ ಲಾಂಚಿನವನದು. ಸಂಪ್ರದಾಯವೂ ಉಳಿಯಿತು, ನನ್ನ ಮಾನವೂ ಉಳಿಯಿತು. ಇದೊಂದು ದಿಬ್ಬಣ ಮುಗಿಸಿ, ಆಮೇಲೆ ಮಂಡಿನೋವು ಎಂದು ಹೇಳಿ ಕಾರು ಬಿಟ್ಟುಬಿಡುವುದು ಎಂದುಕೊಂಡಿದ್ದೆ.

ಆದರೆ ಇವರು ಪೂಕ ಎಂದರೆ ಸಾಕು, ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಹೋಗೋವಾಗ ಕೋಮನ್ ಕಡೆಯಿಂದ ಹೋಗೋಣ ದೊಡ್ಡಪ್ಪ," ಅಂದ ಫ್ರಾನ್ ಆವತ್ತು ಕಾಫಿ ಕುಡಿಯುತ್ತಾ. "ಲಾಂಚಲ್ಲಿ ಹೆಂಗಸರಿಗೆ ಆರಾಮ. ಹಾಡ್ಕೊಂಡು ಹೋಗಬಹುದು."

"ಬರೋವಾಗ?"

"ನೋಡೋಣ."

"ಏನು ನೋಡೋಣ? ಇರೋದು ಮೂರು ದಾರಿ. ಹೋಗೋದಕ್ಕೆ ಒಂದು ತೆಗೆದ್ರೆ ಉಳಿಯೋದು ಎರಡು. ಅದನ್ನ ನೋಡೋಕೆ ಕನ್ನಡಕ ಬೇಕಾ?"

ದೀಲಾ ಥಟ್ಟನೆ ನನ್ನ ಮುಖ ನೋಡಿದಳು. "ಕನ್ನಡಕದ ಮಾತು ಯಾಕೆ ಬಂತು ಈಗ?"

"ಬಾಯಿಗೆ ಬಂತು, ಅಂದೆ."

"ಓಹೋ," ಅಂದಳು. ನಲವತ್ತು ವರ್ಷದಲ್ಲಿ ನಾನು ಕೇಳಿಸಿಕೊಂಡ ಓಹೋಗಳಲ್ಲಿ ಅದು ಬಹಳ ಕೆಟ್ಟದ್ದು.

ಅಂದಿನಿಂದ ನಾನು ಮೈಯೆಲ್ಲ ಕಿವಿಯಾಗಿ ಓಡಾಡಿದೆ. ಬಾಗಿಲ ಹಿಂದೆ ನಿಂತೆ, ಕೋಳಿಗೂಡಿನ ಹಿಂದೆ ನಿಂತೆ. ಅರವತ್ತೆಂಟು ವರ್ಷದ ಗಂಡಸು ಕೋಳಿಗೂಡಿನ ಹಿಂದೆ ಬಗ್ಗಿ ನಿಂತರೆ ಕೋಳಿಗಳೂ ಅನುಮಾನದಿಂದ ನೋಡುತ್ತವೆ. ಫೋನಿನಲ್ಲಿ ದೀಲಾ ಯಾರಿಗೋ, "ಅವನಿಗೆ ಹೇಳಿದ್ರೆ ಮನೆ ಎರಡು ಹೋಳು ಮಾಡ್ತಾನೆ, ನೀವು ಮಾತ್ರ ಹೂಂ ಅನ್ನಿ ಸಾಕು," ಎನ್ನುವುದು ಕೇಳಿಸಿತು. ಯಾರು ಹೂಂ ಅನ್ನಬೇಕು? ಯಾವುದಕ್ಕೆ?

ಒಂದು ದಿನ ಅವಳು ಸಂತೆಗೆ ಹೋದಾಗ ಬಾಗಿಲ ಮೊಳೆಗೆ ನೇತುಹಾಕಿದ್ದ ಅವಳ ಏಪ್ರನ್ನಿನ ಜೇಬು ತಡಕಿದೆ. ಮಾಡಬಾರದಿತ್ತು, ಮಾಡಿದೆ. ಒಂದು ಚೀಟಿ ಸಿಕ್ಕಿತು. ದಿಬ್ಬಣದ ಇಪ್ಪತ್ತೊಂದು ಜನರ ಹೆಸರು ಅದರಲ್ಲಿತ್ತು. ಹೋಗುವವರು ಬೆಸ ಇರಬೇಕು, ಮದುಮಗಳು ಸೇರಿದ ಮೇಲೆ ಸಮವಾಗಬೇಕು, ಅದು ಸರಿಯಾಗಿಯೇ ಇತ್ತು. ನನ್ನ ಹೆಸರೂ ಇತ್ತು. ಕಾರುಗಳ ಪಟ್ಟಿಯಲ್ಲಿ ಎರಡರಿಂದ ಏಳರವರೆಗೆ ಓಡಿಸುವವರ ಹೆಸರಿತ್ತು. ಮೊದಲ ಕಾರಿನ ಮುಂದೆ ಖಾಲಿ. ಅದರ ಕೆಳಗೆ ದೀಲಾಳ ಕೋಳಿಕಾಲಿನ ಅಕ್ಷರದಲ್ಲಿ: ಮಾರ್ಕ್‌ನ ಒಪ್ಪಿಗೆ ಆಯಿತು, ಪಾಶ್ಕ್‌ಗೆ ಹೇಳಬಾರದು.

ಮಾರ್ಕ್ ಎಂದರೆ ಬೀಗ, ವಿತೋರೆಯ ಅಪ್ಪ.

ಅಂದರೆ ನನ್ನನ್ನು ಕೆಳಗಿಳಿಸಲು ಬೀಗರ ಮನೆಯವರೆಗೂ ಹೋಗಿ ಒಪ್ಪಿಗೆ ತಂದಿದ್ದಾರೆ! ನಾನು ಸಾಕಿದ ಹುಡುಗ, ನಾನು ಕಟ್ಟಿಕೊಂಡ ಹೆಂಡತಿ. ಆವತ್ತು ಊಟ ಸೇರಲಿಲ್ಲ. ದೀಲಾ ಹಿಟ್ಟಿನ ಪದರಗಳ ನಡುವೆ ಚೀಸ್ ತುಂಬಿ ಬೇಯಿಸುವ ಬ್ಯೂರೆಕ್ ಮಾಡಿದ್ದಳು. ಒಂದೇ ತುಂಡು ತಿಂದೆ, ಅದನ್ನೂ ಯಾಕೆ ಇಷ್ಟು ಚೆನ್ನಾಗಿ ಮಾಡಿದ್ದಾಳೆಂದು ಅನುಮಾನಪಡುತ್ತಲೇ ತಿಂದೆ.

ಅವಳೂ ಸುಮ್ಮನಿರಲಿಲ್ಲ. ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಪ್ರೆಂಗ್ ಯಾವಾಗ ಸತ್ತ ಅಂದೆ?"

ಪ್ರೆಂಗ್ ನನ್ನ ಜೊತೆ ಲಾರಿ ಓಡಿಸುತ್ತಿದ್ದವನು. ಏಪ್ರಿಲ್‌ನಲ್ಲಿ ತಿರಾನಾಕ್ಕೆ ಹೋಗಲು ನೆಪ ಬೇಕಿತ್ತು. ಪ್ರೆಂಗ್ ತೀರಿಕೊಂಡ, ದುಃಖ ಕೇಳಿ ಬರಬೇಕು ಎಂದು ಹೇಳಿ, ಕಪ್ಪು ಕೋಟು ಹಾಕಿಕೊಂಡು ಹೋಗಿದ್ದೆ.

"ಏಪ್ರಿಲ್‌ನಲ್ಲಿ," ಅಂದೆ.

"ಪಾಪ. ಇವತ್ತು ಸಂತೆಯಲ್ಲಿ ಸಿಕ್ಕಿದ್ದ. ಎರಡು ಕಲ್ಲಂಗಡಿ ಎತ್ಕೊಂಡು ಹೋಗ್ತಿದ್ದ. ಸತ್ತವನಿಗೆ ರಟ್ಟೆಯಲ್ಲಿ ಒಳ್ಳೆ ಕಸುವಿದೆ." ತಟ್ಟೆಯನ್ನು ಕುಕ್ಕಿದಳು. "ಯಾರನ್ನ ನೋಡೋಕೆ ಹೋಗಿದ್ದೆ ಪಾಶ್ಕ್? ಹೆಂಗಸಾ?"

"ಹೂಂ," ಅಂದೆ. ಸುಳ್ಳಲ್ಲ, ಡಾಕ್ಟರು ಹೆಂಗಸೇ.

"ಆ ಹೆಂಗಸು ನಿನಗೆ ಹನಿ ಔಷಧಿ ಕೊಟ್ಟಳಾ?"

ಔಷಧಿಯ ಸೀಸೆಯನ್ನು ಗ್ಯಾರೇಜಿನಲ್ಲಿ, ಗ್ರೀಸ್ ಡಬ್ಬಿಯ ಹಿಂದೆ ಇಟ್ಟಿದ್ದೆ. ಗ್ಯಾರೇಜಿಗೆ ಅವಳು ಯಾಕೆ ಹೋದಳು? ಇವಳೂ ನನ್ನ ಹಿಂದೆ ಬಿದ್ದಿದ್ದಾಳೆ ಎನ್ನುವುದು ಆಗಲೇ ಹೊಳೆದದ್ದು. ಏಪ್ರನ್ನಿನ ವಿಷಯ ಎತ್ತಿ ನಾನೂ ಜಗಳಕ್ಕೆ ಇಳಿಯಬಹುದಿತ್ತು. ಇಳಿದರೆ ಕಣ್ಣಿನ ಮಾತು ಬರುತ್ತಿತ್ತು. ಹೊರಗೆ ಹೋಗಿ ಕಾರು ಒರೆಸಿದೆ.

ಮರುದಿನ ಚಪ್ಪರದ ಕೆಳಗೆ ಮತ್ತೆ ಭೂಪಟ ಬಂತು. ನಾನು ಸಿದ್ಧವಾಗಿಯೇ ಕೂತೆ.

"ಹೋಗೋದು ಪೂಕ, ಬರೋದು ಲಾಂಚ್, ಓಡಿಸೋದು ನಾನು," ಅಂದೆ. "ಯಾರಿಗಾದ್ರೂ ಅನುಮಾನ ಇದ್ರೆ ಭಾನುವಾರ ಜೊತೆಗೆ ಬನ್ನಿ. ಗುರ್ಬಾರ್ಧದವರೆಗೂ ಓಡಿಸಿ ತೋರಿಸ್ತೀನಿ."

ಫ್ರಾನ್ ದೀಲಾಳ ಕಡೆ ನೋಡಿದ. ಅವಳು ಬೇಡ ಎಂದು ಕಣ್ಣಲ್ಲೇ ಹೇಳಿದಳು. ಎದುರಿಗಿರುವುದು ನನಗೆ ಚೆನ್ನಾಗಿ ಕಾಣುತ್ತದೆ ಎಂದೆನಲ್ಲ, ಅದು ಕಂಡಿತು.

"ಸರಿ ದೊಡ್ಡಪ್ಪ. ನಾನು ಬರ್ತೀನಿ," ಅಂದ ಫ್ರಾನ್.

ಭಾನುವಾರ ಬೆಳಿಗ್ಗೆ ಹೊರಟೆವು. ದೀಲಾ ಗೇಟಿನ ಹತ್ತಿರ ಬಂದು ಶಿಲುಬೆಯ ಗುರುತು ಮಾಡಿಕೊಂಡಳು, ನಮಗಾಗಿಯೋ ಎದುರು ಬರುವವರಿಗಾಗಿಯೋ ತಿಳಿಯಲಿಲ್ಲ. ಪೂಕದವರೆಗೆ ನಾನು ರಾಜನ ಹಾಗೆ ಓಡಿಸಿದೆ. ಪ್ರತಿ ತಿರುವಿಗೂ ನಾವು ಲಾರಿಯವರು ಇಟ್ಟ ಹೆಸರಿತ್ತು. ಒಂದೊಂದನ್ನೂ ಅದು ಬರುವ ಮೊದಲೇ ಹೇಳುತ್ತಾ ಹೋದೆ. "ಈಗ ಹೇಸರಗತ್ತೆ ತಿರುವು. ಇನ್ನು ಸೊಟ್ಟ ಪೈನು. ಇದು ಅತ್ತೆಯ ತಿರುವು, ಮುಗಿಯೋದೇ ಇಲ್ಲ." ನಮ್ಮಲ್ಲಿ ಸ್ಟೇರಿಂಗ್ ಕಾರಿನ ಎಡಕ್ಕೆ, ಬಲಗಡೆ ಸೀಟಿನಲ್ಲಿ ಕೂತ ಫ್ರಾನ್ ನಗುತ್ತಿದ್ದ. ಆದರೆ ಅವನ ಬಲಗೈ ಬಾಗಿಲ ಮೇಲಿನ ಹಿಡಿಯನ್ನು ಬಿಡಲೇ ಇಲ್ಲ. ಅದು ಹೇಗೆ ಗೊತ್ತಾಯಿತೆಂದರೆ, ಅವನು ಸಿಗರೇಟು ಹಚ್ಚಲು ಎಡಗೈಯಲ್ಲೇ ಮೂರು ಸಲ ಒದ್ದಾಡಿದ.

ಪೂಕದಲ್ಲಿ ಕಾಫಿ ಕುಡಿದೆವು. "ಏನಂತೀಯ?" ಎಂದು ಕೇಳಿದೆ.

"ಚೆನ್ನಾಗಿ ಓಡಿಸ್ತಿದ್ದೀಯ ದೊಡ್ಡಪ್ಪ," ಅಂದ. ಹೊಗಳುವವನ ದನಿ ಯಾಕೆ ಅಷ್ಟು ಸಣ್ಣಗಿತ್ತು?

ಪಿಂಚಣಿಯಾದ ಮೇಲೆ ನಾನು ಪೂಕದಿಂದ ಆಚೆಗೆ ಕಾರು ಓಡಿಸಿರಲಿಲ್ಲ. ನಿಶ್ಚಿತಾರ್ಥಕ್ಕೂ ಎಲ್ಲರೂ ಒಂದು ವ್ಯಾನಿನಲ್ಲಿ, ಲಾಂಚಿನ ಮೇಲೇ ಹೋಗಿದ್ದೆವು. ಆದರೂ ಕೈಗೆ ದಾರಿ ಮರೆತಿರಲಿಲ್ಲ. ಇಳಿಜಾರು ಬಂತು, ಗೇರ್ ಇಳಿಸಿದೆ. ಕುರುಬನ ಬಂಡೆ ದಾಟಿದ ಮೇಲೆ ನೇರ ಹೋಗಿ ಎಡಕ್ಕೆ ತಿರುಗಿದರೆ ಹಳೆಯ ಸೇತುವೆ. ನೇರ ಹೋದೆ, ಎಡಕ್ಕೆ ತಿರುಗಿದೆ. ಚಕ್ರದ ಸದ್ದು ಬದಲಾಯಿತು, ಕೆಳಗೆ ಜಲ್ಲಿ. ಎದುರಿಗೆ ಸೇತುವೆಯ ಎರಡು ಕಂಬಗಳು ಕಂಡವು, ಕಂಬಗಳ ನಡುವೆ ಸೇತುವೆ ಇರಲಿಲ್ಲ. ಅಡ್ಡಕ್ಕೆ ಸಿಮೆಂಟಿನ ದಿಂಡು ಇಟ್ಟಿದ್ದರು. ಬ್ರೇಕ್ ಹಾಕಿದೆ.

ಆಮೇಲೆ ಫ್ರಾನ್ ಮೆಲ್ಲಗೆ ಅಂದ, "ಹೊಸ ರಸ್ತೆ ಹಿಂದೆ ಬಲಕ್ಕೆ ಹೋಯ್ತು ದೊಡ್ಡಪ್ಪ. ಎರಡು ವರ್ಷ ಆಯ್ತು. ದೊಡ್ಡ ನೀಲಿ ಫಲಕ ಇತ್ತು."

"ಗೊತ್ತು. ಇಲ್ಲೊಂದು ಊಟೆ ನೀರಿದೆ, ನಿನಗೆ ತೋರಿಸೋಣ ಅಂತ ಬಂದೆ."

"ಹೂಂ," ಅಂದ ಫ್ರಾನ್.

ಆ ಹೂಂ ನನಗೆ ಚುಚ್ಚಿತು. ನಂಬದವನು ನಂಬಿದ ಹಾಗೆ ನಟಿಸಿದರೆ ಮೈ ಉರಿಯುತ್ತದೆ. ಕಾರು ತಿರುಗಿಸಿಬಿಡೋಣ ಎಂದು ಸಿಟ್ಟಿನಿಂದ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದು ಕಾಲು ಒತ್ತಿದೆ.

"ನಿಲ್ಸು!" ಫ್ರಾನ್ ನನ್ನ ತೋಳು ಹಿಡಿದು ಕಿರುಚಿದ. ಬಾನೆಟ್ಟಿನ ಮೇಲೆ ಧಡ್ ಎಂದು ಏನೋ ಬಡಿಯಿತು. ಬ್ರೇಕ್ ಮೇಲೆ ನಿಂತೇಬಿಟ್ಟೆ.

ಎಡಕ್ಕೆ ಮುಖ ತಿರುಗಿಸಿದ ಮೇಲೆ ಕಂಡಳು. ಬಿಳಿ ತಲೆವಸ್ತ್ರದ ಮುದುಕಿ, ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈ ನನ್ನ ಬಾನೆಟ್ಟಿನ ಮೇಲೆ. ಚಕ್ರ ಅವಳ ರಬ್ಬರ್ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿತ್ತು.

"ಇಷ್ಟೊತ್ತು ಪಕ್ಕದಲ್ಲೇ ನಿಂತಿದ್ದೀನಿ!" ಎಂದು ಬೈಯತೊಡಗಿದಳು. "ಎರಡು ಸಲ ನಮಸ್ಕಾರ ಅಂದೆ. ಕಿವುಡ ಇರಬೇಕು, ಇರ್ಲಿ ಪಾಪ ಅಂದ್ಕೊಂಡೆ. ನೀನು ನೋಡಿದ್ರೆ ಮೈಮೇಲೇ ಹತ್ತಿಸ್ತೀಯ!"

ಕಿಟಕಿ ಇಳಿಸಿದೆ. ಏನಾದರೂ ಸಬೂಬು ಹೇಳಬೇಕು, ಬಿಸಿಲು ಕಣ್ಣಿಗೆ ಹೊಡೆಯಿತು ಅನ್ನಬೇಕು ಎಂದುಕೊಂಡೆ. ಅವಳು ಬಗ್ಗಿ ನನ್ನ ಮುಖವನ್ನೇ ನೋಡಿದಳು. ಕೈಯನ್ನು ನನ್ನ ಕೆನ್ನೆಯ ಪಕ್ಕದಲ್ಲಿ ಆಡಿಸಿದಳು ಅನ್ನಿಸುತ್ತದೆ, ಗಾಳಿ ತಾಗಿತು, ಕೈ ಕಾಣಲಿಲ್ಲ. ಅವಳ ಸಿಟ್ಟು ಇಳಿಯಿತು.

"ಕಾಣಲ್ವೇನಪ್ಪಾ ನಿನಗೆ?" ಅಂದಳು.

ಐದು ತಿಂಗಳಿಂದ ಮನೆಯಲ್ಲಿ ಯಾರೂ ನೇರವಾಗಿ ಕೇಳದ ಪ್ರಶ್ನೆ ಅದು. ಕೇಳದ ಹಾಗೆ ನಾನೇ ನೋಡಿಕೊಂಡಿದ್ದೆ.

"ಇಲ್ಲ ಅಮ್ಮಾ. ಪಕ್ಕಕ್ಕೆ ಇರೋದು ಕಾಣಲ್ಲ," ಅಂದೆ.

ಎಂಜಿನ್ ಆಫ್ ಮಾಡಿದೆ. ಮುದುಕಿ ಹಿಂದಿನ ಬಾಗಿಲು ತೆರೆದು ಕ್ಯಾನಿನ ಸಮೇತ ಒಳಗೆ ಕೂತಳು. ಅವಳಿಗೆ ಮೇಲಿನ ಹಳ್ಳಿಗೆ ಹೋಗಬೇಕಿತ್ತಂತೆ. ಹೇಗೂ ತನ್ನನ್ನು ಕೊಲ್ಲದೆ ಬಿಟ್ಟಿದ್ದಾರೆ, ಮನೆಯವರೆಗೂ ಬಿಟ್ಟರೆ ಆಗುವುದೇನು ಎಂದಳು.

ಫ್ರಾನ್ ತಲೆ ತಗ್ಗಿಸಿ ಕೂತಿದ್ದ. "ನಮಗೆ ಜೂನ್‌ನಿಂದ ಗೊತ್ತು ದೊಡ್ಡಪ್ಪ. ದೊಡ್ಡಮ್ಮ ಗ್ಯಾರೇಜಲ್ಲಿ ಸೀಸೆ ನೋಡಿ ಔಷಧಿ ಅಂಗಡಿಯಲ್ಲಿ ಕೇಳಿದ್ರು."

"ಅದಕ್ಕೇ ನನ್ನನ್ನ ಇಳಿಸೋ ಮಸಲತ್ತು."

"ಇಳಿಸೋದಾ?" ಅವನು ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. "ಹೋಗೋಕೂ ಲಾಂಚು, ಬರೋಕೂ ಲಾಂಚು ಅಂತ ಮಾಡಿದ್ವಿ. ಕೋಮನ್‌ವರೆಗೆ ಮತ್ತೆ ಫಿಯೆರ್ಜದಿಂದ ಹಳ್ಳಿವರೆಗೆ ಮಾತ್ರ ಓಡಿಸಿದ್ರೆ ಆಯ್ತು, ಅಷ್ಟು ದೂರ ನಾನು ಪಕ್ಕದಲ್ಲಿ ಕೂತು ಹೇಳ್ತಾ ಇರಬಹುದು ಅಂತ. ನೀನೇ ಮೊದಲ ಕಾರು ಓಡಿಸಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ಆದ್ರೆ ಹೋದ ದಾರಿಯಲ್ಲೇ ವಾಪಸ್ ಬರೋದು ಅಂದ್ರೆ ನೀನು ಕೇಳ್ತೀಯಾ? ಅದಕ್ಕೆ ದೊಡ್ಡಮ್ಮ ಮಾರ್ಕ್ ಮಾವನಿಗೆ ಫೋನ್ ಮಾಡಿ, ನಿನ್ನ ಕಣ್ಣಿನ ವಿಷಯ ಹೇಳಿ ಕೇಳ್ಕೊಂಡ್ರು. ನೀರಿನ ಮೇಲೆ ಚಕ್ರದ ಗುರುತು ಉಳಿಯಲ್ಲ, ಹಾಗಾಗಿ ಅದು ದಾರಿಯೇ ಅಲ್ಲ, ನಮ್ಮ ಕಡೆಯಿಂದ ಅಡ್ಡಿಯಿಲ್ಲ ಅಂದ್ರು ಮಾವ. ಆವತ್ತಿನ ದಿನ ಅವರ ಬಾಯಿಂದಲೇ ನಿನಗೆ ಹೇಳಿಸೋಣ ಅಂತ ಇದ್ವಿ."

ಚೀಟಿಯಲ್ಲಿ ಮೊದಲ ಕಾರಿನ ಮುಂದೆ ಹೆಸರಿಲ್ಲದ್ದು, ಅದು ನನ್ನದೆಂದು ಬರೆಯುವ ಅಗತ್ಯವೇ ಇರಲಿಲ್ಲವಾದ್ದರಿಂದ. ಹೋದ ದಾರಿಯಲ್ಲೇ ವಾಪಸ್ ಬರುವುದೆಂದರೆ ಮೊದಲು ಹೆದರಬೇಕಾದವನು ಹೆಣ್ಣು ಕೊಡುವವನು. ವರ್ಷದೊಳಗೆ ಮಗಳು ತಿರುಗಿ ಬಂದರೆ ಊರು ಅವನ ಮುಖ ನೋಡಿ ಮಾತಾಡುತ್ತದೆ. ಅಂಥವನು ನನ್ನ ಮಾನಕ್ಕಾಗಿ ಹೂಂ ಅಂದಿದ್ದಾನೆ. ಏಳು ಗಂಟೆ ಸುತ್ತಿಸಿಕೊಂಡು ಬಂದವಳು ನನಗಾಗಿ ಆ ಸಂಪ್ರದಾಯವನ್ನೇ ಬಗ್ಗಿಸಲು ಹೋಗಿದ್ದಾಳೆ. ಇವರ ಮೇಲೆ ನಾನು ಕೋಳಿಗೂಡಿನ ಹಿಂದೆ ನಿಂತು ಪತ್ತೇದಾರಿಕೆ ಮಾಡಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸ್ವಲ್ಪ ಹೊತ್ತಿನ ಮುಂಚೆ ಬಾನೆಟ್ಟಿನ ಆಚೆ ನಿಂತದ್ದು ಈ ಮುದುಕಿ. ಮುಂದಿನ ಶನಿವಾರ ಹಿಂದಿನ ಸೀಟಿನಲ್ಲಿ ಕೂರುವುದು ವಿತೋರೆ.

"ಮಾರ್ಕ್‌ಗೆ ಫೋನ್ ಹಚ್ಚು," ಅಂದೆ.

ಮಾರ್ಕ್ ಎರಡನೇ ರಿಂಗಿಗೇ ಎತ್ತಿದ. "ಹೇಳಿ ಬೀಗರೇ! ಆರೋಗ್ಯವಾ? ಹೆಣ್ಣಿನ ಕಡೆಯವರನ್ನ ಮರೆತೇಬಿಟ್ರಾ?"

"ಮರೆತಿಲ್ಲ. ಮಾರ್ಕ್, ನೀರೂ ದಾರಿಯೇ. ನೀವು ಕೊಟ್ಟ ಒಪ್ಪಿಗೆ ನನಗೆ ಬೇಡ. ಪೂಕದ ಮೇಲೆ ಬರ್ತೀವಿ, ಲಾಂಚಲ್ಲಿ ಹೋಗ್ತೀವಿ. ನಿಮ್ಮ ಮಗಳು ತಿರುಗಿ ನೋಡದ ಹಾಗೆ ಕರ್ಕೊಂಡು ಹೋಗ್ತೀವಿ."

ಮಾರ್ಕ್ ನೇರವಾಗಿ ಕೇಳಿದ, "ಮೊದಲ ಕಾರು ಯಾರು ಓಡಿಸ್ತಾರೆ?"

"ಫ್ರಾನ್‌ನ ಗೆಳೆಯರಲ್ಲಿ ಯಾರಾದ್ರೂ. ನಾನಲ್ಲ. ನನಗೆ ಕಣ್ಣು ಕಾಣಲ್ಲ ಮಾರ್ಕ್."

ಅವನು ಜೋರಾಗಿ ಉಸಿರುಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಎಷ್ಟು ದಿನದಿಂದ ಆ ಉಸಿರು ಹಿಡಿದುಕೊಂಡಿದ್ದನೋ ಪುಣ್ಯಾತ್ಮ. "ನನ್ನ ಹೆಂಡತಿ ಈ ವಾರ ಪೂರ್ತಿ ನಿದ್ದೆ ಮಾಡಿಲ್ಲ ಬೀಗರೇ," ಅಂದ. "ಈಗ ಹೋಗಿ ಹೇಳ್ತೀನಿ."

ಕೆಳಗಿಳಿದು, ಬಾನೆಟ್ ಹಿಡಿದುಕೊಂಡು ಸುತ್ತು ಹಾಕಿ ಬಲಗಡೆಗೆ ಬಂದೆ. ಫ್ರಾನ್‌ಗೆ ಕೀಲಿ ಕೊಟ್ಟೆ. ಅವನು ಬೇಡ ದೊಡ್ಡಪ್ಪ, ಊರಿನವರೆಗೂ ನೀನೇ ಎಂದು ಏನೋ ತೊದಲಿದ. ಹೋಗೋ, ಮುದುಕಿಗೆ ಹೊತ್ತಾಗುತ್ತೆ ಅಂದೆ.

ನನಗಿಂತ ಅವನು ಎತ್ತರ. ಸೀಟನ್ನು ಹಿಂದಕ್ಕೆ ತಳ್ಳಿದ. ಕನ್ನಡಿಯನ್ನು ಹಿಡಿದು ತನ್ನ ಕಣ್ಣಿನ ಎತ್ತರಕ್ಕೆ ತಿರುಗಿಸಿದ. ಇಪ್ಪತ್ತೆರಡು ವರ್ಷದಲ್ಲಿ ಆ ಕನ್ನಡಿಯನ್ನು ನನ್ನ ಹೊರತು ಯಾರೂ ಮುಟ್ಟಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಕಾರು ಹಿಂದಕ್ಕೆ ಸರಿದು ಹೊಸ ರಸ್ತೆಗೆ ಹತ್ತಿತು. ಫ್ರಾನ್ ಈಗ ನನ್ನ ಎಡಕ್ಕಿದ್ದ, ನಾನು ಅಳುವುದನ್ನು ಅವನು ನೋಡಿದನೋ ಇಲ್ಲವೋ ನನಗೆ ಕಾಣಲಿಲ್ಲ. ನಾನು ತಿರುಗಿ ನೋಡಲೂ ಇಲ್ಲ.